ಸುಬಾಬುಲ್ ಮತ್ತು 'ಹೊರಗಿನವರು'

ಮುಂಬಯಿಯ ರೈಲು ಹಳಿಗಳ ಬದಿಯಲ್ಲಿ, ಖಾಲಿ ಜಾಗಗಳಲ್ಲಿ, ಗುಡ್ಡಗಳ ಇಳಿಜಾರಿನಲ್ಲಿ ಒಂದು ಮರವನ್ನು ನಮ್ಮ ಕಾರ್ಮಿಕ ಬಂಧುಗಳು ದಿನವೂ ಕಾಣುತ್ತಾರೆ. ಹುಣಿಸೆಯಂಥ ಸಣ್ಣ ಎಲೆ, ಬಿಳಿ ಚೆಂಡಿನಂಥ ಹೂ, ಗೊಂಚಲಾಗಿ ನೇತಾಡುವ ಚಪ್ಪಟೆ ಕಂದು ಕಾಯಿ. ಅದೇ ಸುಬಾಬುಲ್. ಮೆಕ್ಸಿಕೋ ಕಡೆಯ ಈ ಮರವನ್ನು 1970 ಮತ್ತು 1980ರ ದಶಕಗಳಲ್ಲಿ ಸೌದೆಗೂ ಮೇವಿಗೂ ಆದೀತೆಂದು, ಬೇಗ ಹಸಿರಾದೀತೆಂದು ನಮ್ಮ ದೇಶದಲ್ಲಿ ಹೇರಳವಾಗಿ ನೆಟ್ಟರು.

ಬೇಗ ಹಸಿರಾಯಿತು, ನಿಜ. ಆದರೆ ಒಂದೊಂದು ಕಾಯಿಯಲ್ಲಿ 20ರಷ್ಟು ಬೀಜ. ಬಿದ್ದ ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಜೀವ ಹಿಡಿದಿರುತ್ತದೆ. ಕಡಿದರೆ ಬುಡದಿಂದಲೇ ಮತ್ತೆ ಚಿಗುರುತ್ತದೆ. ಸಸಿಗಳು ಒತ್ತಾಗಿ ಎದ್ದು ಬೆಳಕನ್ನು ತಡೆಯುವುದರಿಂದ ಬೇರೆ ಗಿಡಗಳು ತಲೆಯೆತ್ತಲಾರವು.

ಇದನ್ನು ಕೇಳಿ ಕೆಲವರು, "ಪರದೇಶದ ಮರ, ಕಡಿದೊಗೆಯಿರಿ" ಎನ್ನುತ್ತಾರೆ. ಈ ಮಾತಿಗೆ ನಾವು ಸುಮ್ಮನೆ ತಲೆದೂಗಲಾಗದು. ನಮ್ಮ ಹೋಟೆಲುಗಳಲ್ಲಿ ದಿನವೂ ಸಾಂಬಾರಿಗೆ ಬೀಳುವ ಹುಣಿಸೆ ಆಫ್ರಿಕದ್ದು, ಮೆಣಸಿನಕಾಯಿ ಅಮೆರಿಕದ್ದು. ಇವುಗಳಿಂದ ಯಾರ ಬಾಳಿಗೂ ಕೇಡಾಗಲಿಲ್ಲ. 1960ರ ದಶಕದಲ್ಲಿ ಇದೇ ನಗರದಲ್ಲಿ ದಕ್ಷಿಣದವರ ವಿರುದ್ಧ ಕೂಗೆದ್ದಾಗ, ಗಿರಣಿಯಲ್ಲಿ ಮಗ್ಗ ನಡೆಸಿದ, ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದ ನಮ್ಮ ಹಿರಿಯರೂ 'ಹೊರಗಿನವರು' ಎನಿಸಿಕೊಂಡರು. ಹುಟ್ಟಿದೂರು ನೋಡಿ ತೀರ್ಪು ಕೊಡುವುದು ಎಂಥ ಅನ್ಯಾಯವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುಬಾಬುಲ್ಲಿನ ದೋಷವೆಂದರೆ ಅದು ನೆರೆಯವರನ್ನು ಬಾಳಗೊಡದು. ಹಿಂದುಮುಂದು ನೋಡದೆ ಅದನ್ನು ನೆಟ್ಟವರ ದೋಷ ಇನ್ನೂ ದೊಡ್ಡದು.

ಹಾಗಾದರೆ ಮಾಡಬೇಕಾದದ್ದೇನು? ಎಳೆಯ ಸಸಿಗಳನ್ನು ಕಾಯಿ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ದೊಡ್ಡ ಮರಗಳನ್ನು ಒಮ್ಮೆಗೇ ಉರುಳಿಸಿದರೆ ಬಡವರ ಬೀದಿಯ ನೆರಳೇ ಮೊದಲು ಹೋಗುತ್ತದೆ. ಆದ್ದರಿಂದ ನಡುನಡುವೆ ಹೊಂಗೆ, ಬೇವು, ನೇರಳೆ ನೆಟ್ಟು, ಅವು ಬೆಳೆದಂತೆಲ್ಲ ಇವನ್ನು ತೆಗೆಯುತ್ತ ಬರಬೇಕು.

ಇನ್ನೊಂದು ಎಚ್ಚರಿಕೆ. 'ಕೆಟ್ಟ ಮರ' ಎಂಬ ನೆಪ ಹೂಡಿ ಜಾಗ ಬೋಳಿಸಿ ಕಟ್ಟಡ ಎಬ್ಬಿಸಲು ಯಾರಿಗೂ ಎಡೆಗೊಡಬಾರದು. ಮಹಾರಾಷ್ಟ್ರದ ನಗರಗಳಿಗಾಗಿ 1975ರಲ್ಲಿ ಆದ ಮರಗಳ ರಕ್ಷಣೆಯ ಕಾಯಿದೆಯಂತೆ ಮರ ಕಡಿಯಲು ವೃಕ್ಷ ಪ್ರಾಧಿಕಾರದ ಅಪ್ಪಣೆ ಬೇಕು. ನಾಗರಿಕರು ಆಕ್ಷೇಪ ಸಲ್ಲಿಸಬಹುದು. ಈ ಹಕ್ಕು ಬಂಗಲೆಯವರಿಗೆಷ್ಟೋ ಚಾಳಿನವರಿಗೂ ಅಷ್ಟೇ.

ಬರುವ ಮಳೆಗಾಲದಲ್ಲಿ ಒಂದೊಂದು ಚಾಳಿನವರೂ ಕೂಡಿ ಒಂದು ನೇರಳೆಯನ್ನೋ ಹೊಂಗೆಯನ್ನೋ ನೆಟ್ಟು, ಮೂರು ಬೇಸಿಗೆ ನೀರೆರೆದು ಕಾಯಲಿ. ನೆಡುವುದು ಒಂದು ದಿನದ ಕೆಲಸ. ಕಾಯುವುದಕ್ಕೇ ಸಂಘಟನೆ ಬೇಕು.