ಎರಡನೆಯ ದಾರಿ

ರಾಯಚೂರು ಜಿಲ್ಲೆಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ, 210 ಮೆಗಾವ್ಯಾಟ್‌ನದು, ಉತ್ಪಾದನೆ ಶುರುಮಾಡಿದ್ದು 1985ರಲ್ಲಿ. ಆಗ ಕಾಲೋನಿಯಲ್ಲಿ ಫೋನಿದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕೂತಿದ್ದು, ಮುಂದೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳ ಮುಂದೆ ರಾತ್ರಿ ದರ ಇಳಿಯುವುದನ್ನೇ ಕಾದು ನಿಂತಿದ್ದು ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ಆ ಕಪ್ಪು ಫೋನಿನ ಒಂದು ಗುಣ ಮಾತ್ರ ನಮಗೆ ಆಗ ಕಣ್ಣಿಗೆ ಬೀಳಲೇ ಇಲ್ಲ. ರಾಜ್ಯಕ್ಕೆ ಬೆಳಕು ಕೊಡುವ ಜಿಲ್ಲೆಯಲ್ಲೂ ಕರೆಂಟ್ ಹೋಗುತ್ತಿತ್ತು, ಫೋನ್ ಹೋಗುತ್ತಿರಲಿಲ್ಲ. ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಗಳಿಂದ ತಾಮ್ರದ ತಂತಿಯಲ್ಲೇ ಅದಕ್ಕೆ ಬೇಕಾದ ವಿದ್ಯುತ್ತು ಬರುತ್ತಿತ್ತು. ಕತ್ತಲಲ್ಲಿ ರಿಸೀವರ್ ಎತ್ತಿದರೆ ಡಯಲ್ ಟೋನ್ ಇರುತ್ತಿತ್ತು. ಅದನ್ನು ಸೌಲಭ್ಯವೆಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

2002ರ ಕೊನೆಗೆ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ ಆರಂಭಿಸಿತು, 2005ರಲ್ಲಿ ಅದೇ ತಾಮ್ರದ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಬಂತು. ಮೊಬೈಲಿನ ಆರಂಭದ ದಿನಗಳಲ್ಲಿ ಕೃಷ್ಣೆಯ ದಂಡೆಯವರಿಗೆ ಒಂದು ವಿಚಿತ್ರ ತೊಂದರೆ ಇತ್ತು. ಹೊಳೆಯಾಚೆ ಆಂಧ್ರಪ್ರದೇಶ ಟೆಲಿಕಾಂ ಸರ್ಕಲ್. ಮನೆಯಲ್ಲಿ ಕೂತಿದ್ದರೂ ಫೋನು ಆಚೆ ದಂಡೆಯ ಟವರ್ ಹಿಡಿದುಬಿಟ್ಟರೆ ರೋಮಿಂಗ್ ದುಡ್ಡು ಬೀಳುತ್ತಿತ್ತು. 2011ರ ಅಕ್ಟೋಬರಿನಲ್ಲಿ ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟಿತು. ಎರಡು ವರ್ಷದಲ್ಲಿ ಮುಗಿಸುವ ಮಾತಿತ್ತು. ಮೊದಲ ಒಂದು ಲಕ್ಷ ಪಂಚಾಯಿತಿಗಳು ಮುಗಿಯುವಾಗ 2017 ಕಳೆಯುತ್ತ ಬಂದಿತ್ತು. ಯೋಜನೆಯ ಹೆಸರೂ ಅಷ್ಟರಲ್ಲಿ ಭಾರತ್‌ನೆಟ್ ಆಗಿತ್ತು. ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಜನ ಫೈಬರಿಗೆ ಕಾಯಲಿಲ್ಲ, ಸಿಮ್ ಕೊಂಡರು.

ನಡುವೆ 2013ರ ಡಿಸೆಂಬರ್ 31ನ್ನು ಇಲ್ಲಿ ನೆನೆಯಲೇಬೇಕು. ರಾಯಚೂರು-ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗಕ್ಕೆ ಅಂದು ವಿದ್ಯುತ್ ಹರಿದು, ಅಲ್ಲಿಯವರೆಗೆ ಬೇರೆಯಾಗಿ ನಡೆಯುತ್ತಿದ್ದ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ನೊಂದಿಗೆ ಒಂದೇ ಲಯಕ್ಕೆ ಬಂತು. ನಮ್ಮ ಊರಿನ ಹೆಸರು ಹೊತ್ತ ಆ ತಂತಿಯ ಅರ್ಥ ಸ್ಥಾವರದಲ್ಲಿ ದುಡಿದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ಪಂಪ್ ಕೆಟ್ಟರೆ ಪಕ್ಕದಲ್ಲಿ ಸ್ಟ್ಯಾಂಡ್‌ಬೈ ಪಂಪ್ ಇರಬೇಕು. ನಿಂತುಹೋದ ಘಟಕವನ್ನು ಮತ್ತೆ ಎಬ್ಬಿಸಲು ಹೊರಗಿನಿಂದ ವಿದ್ಯುತ್ ಬರಬೇಕು. ಈ ವಿದ್ಯೆ ಶಕ್ತಿನಗರದ ರಕ್ತದಲ್ಲಿದೆ. ಅದನ್ನೇ ಮನೆಯ, ಅಂಗಡಿಯ ಇಂಟರ್ನೆಟ್ಟಿಗೆ ಅನ್ವಯಿಸಲು ನಮಗೆ ಇಷ್ಟು ವರ್ಷ ಬೇಕಾಯಿತಲ್ಲ ಎಂಬ ಖೇದ ನನ್ನದು.

2016ರಲ್ಲಿ ಜಿಯೋ ಬಂತು, ನೋಟು ರದ್ದಾಯಿತು, ಯುಪಿಐ ಬಂತು. ರೇಷನ್ ಅಂಗಡಿಯ ಹೆಬ್ಬೆಟ್ಟು, ರಾಯಚೂರು ಗಂಜ್ ಮಾರುಕಟ್ಟೆಯ ಆನ್‌ಲೈನ್ ಟೆಂಡರು, ಔಷಧಿ ಅಂಗಡಿಯ ಬಿಲ್ಲು ಎಲ್ಲವೂ ಒಂದೇ ಎಳೆಗೆ ಜೋತುಬಿದ್ದವು. 2020ರ ಲಾಕ್‌ಡೌನಿನಲ್ಲಿ ಮಕ್ಕಳು ನೆಟ್‌ವರ್ಕ್ ಹುಡುಕಿ ಮಾಳಿಗೆ ಹತ್ತಿದರು. ಮನೆಮನೆಗೆ ಫೈಬರ್ ಬಂದಮೇಲೆ ತಾಮ್ರದ ತಂತಿಯನ್ನು ಕೇಳುವವರಿಲ್ಲವಾಯಿತು, ಅದರೊಂದಿಗೆ ಬರುತ್ತಿದ್ದ ವಿದ್ಯುತ್ತೂ ಹೋಯಿತು. ವೇಗ ನೂರು ಪಟ್ಟು ಹೆಚ್ಚಿದೆ, ನಿಜ. ಆದರೆ ರಸ್ತೆ ಅಗಲೀಕರಣದ ಜೆಸಿಬಿ ಒಮ್ಮೆ ಹಲ್ಲು ಊರಿದರೆ ಸಾಕು, ಗೋಡೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತುತ್ತದೆ. ಪಿಂಚಣಿಗೆಂದು ಬಸ್ಸಿಗೆ ದುಡ್ಡು ಕೊಟ್ಟು ಬಂದ ಅಜ್ಜಿಗೆ ಸಿಗುವ ಉತ್ತರ, "ನೆಟ್ ಹೋಗ್ಯಾದ ಯವ್ವಾ, ನಾಳೆ ಬಾ." ಆಕೆಯ ಒಂದು ದಿನದ ಕೂಲಿಯನ್ನು ಯಾವ ಲೆಕ್ಕದಲ್ಲಿ ಬರೆಯೋಣ?

ಇದಕ್ಕೆ ಪರಿಹಾರ ಈಗ ಕೈಗೆಟುಕುವಂತಿದೆ. ಸಿಮ್ ಹಾಕಲು ಬರುವ, ಎರಡು ದಾರಿಗಳನ್ನು ನೋಡಿಕೊಳ್ಳುವ ರೌಟರ್ ಸಿಗುತ್ತದೆ. ಫೈಬರ್ ನಿಂತರೆ ಅದು ತಾನಾಗಿಯೇ ಸಿಮ್ಮಿಗೆ ಹೊರಳುತ್ತದೆ. ಆದರೆ ಕೂಡಿಸುವವರು ಅವಸರ ಮಾಡುತ್ತಾರೆ. ತಂತಿ ಸಿಕ್ಕಿಸಿದೆಯೋ ಇಲ್ಲವೋ ಎಂದಷ್ಟೇ ನೋಡುವಂತೆ ಬಿಟ್ಟರೆ, ಹತ್ತು ಕಿಲೋಮೀಟರ್ ಆಚೆ ಕೇಬಲ್ ತುಂಡಾದದ್ದು ರೌಟರಿಗೆ ತಿಳಿಯುವುದೇ ಇಲ್ಲ. ಹೊರಗಿನ ಒಂದು ವಿಳಾಸಕ್ಕೆ ಕೆಲ ಸೆಕೆಂಡಿಗೊಮ್ಮೆ ಕೂಗಿ ನೋಡಿ, ಮೂರು ನಾಲ್ಕು ಸಲ ಓಗೊಡದಿದ್ದರೆ ಹೊರಳು ಎಂದು ಹೇಳಿಡಬೇಕು. ಫೈಬರ್ ಮರಳಿದಾಗ ಕೆಲವು ನಿಮಿಷ ಕಾದು ಹಿಂತಿರುಗಬೇಕು, ಇಲ್ಲದಿದ್ದರೆ ಅತ್ತಿಂದಿತ್ತ ಜಿಗಿದಾಡುತ್ತಲೇ ಇರುತ್ತದೆ. ಸಿಮ್ಮಿನ ಮೇಲೆ ನಡೆಯುವಾಗ ಸಿಸಿ ಕ್ಯಾಮೆರಾ, ಕಂಪ್ಯೂಟರಿನ ಅಪ್‌ಡೇಟು ತಡೆದಿಡದಿದ್ದರೆ ದಿನದ ಡೇಟಾ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಫೈಬರ್ ಪೆಟ್ಟಿಗೆಗೂ ರೌಟರಿಗೂ ಚಿಕ್ಕದೊಂದು ಯುಪಿಎಸ್ ಬೇಕು. ತಾಮ್ರದ ತಂತಿ ಬಿಟ್ಟಿಯಾಗಿ ಕೊಡುತ್ತಿದ್ದುದನ್ನು ಈಗ ನಾವೇ ಕೊಂಡು ತರಬೇಕು. ನಮ್ಮ ಬಿಸಿಲಿನಲ್ಲಿ ತಗಡಿನ ಕೆಳಗೆ ಇವನ್ನು ಕೂಡಿಸಬಾರದು, ಮೇಲೆ ಕೂರುವ ಸ್ಥಾವರದ ಬೂದಿಯನ್ನು ವಾರಕ್ಕೊಮ್ಮೆ ಒರೆಸಬೇಕು.

ಎಲ್ಲಕ್ಕಿಂತ ದೊಡ್ಡ ಮಾತು ಬೇರೆ. ಫೈಬರ್ ಕೊಟ್ಟ ಕಂಪನಿಯದೇ ಸಿಮ್ ಹಾಕಿ ನಿಶ್ಚಿಂತರಾದವರನ್ನು ನಾನು ಬಲ್ಲೆ. ನಾನೂ ಹಾಗೆಯೇ ಮಾಡಿದ್ದೆ. ಒಂದು ಮಳೆಗಾಲದ ಸಂಜೆ ಎರಡೂ ಒಟ್ಟಿಗೆ ನಿಂತವು. ಟವರಿಗೆ ಹೋಗುವುದೂ ಅದೇ ನೆಲದಡಿಯ ಫೈಬರು ಎಂದು ಆಮೇಲೆ ತಿಳಿಯಿತು. 2023ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ಹೊಸ ಭಾರತ್‌ನೆಟ್ ಯೋಜನೆ, 1,39,579 ಕೋಟಿ ರೂಪಾಯಿಯದು, ಒಂಟಿ ಎಳೆಯ ಬದಲು ಉಂಗುರದಂತೆ ಫೈಬರ್ ಸುತ್ತಿಸುವ ಮಾತಾಡಿದೆ: ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರಲಿ ಎಂದು. ಅದು ನಮ್ಮ ಪಂಚಾಯಿತಿಗಳಿಗೆ ಮುಟ್ಟುವವರೆಗೆ ಬೇರೆ ಕಂಪನಿಯ, ಸಾಧ್ಯವಾದರೆ ಬೇರೆ ದಿಕ್ಕಿನ ಟವರಿನ ಸಿಮ್ ನಮಗೆ ಆಸರೆ. ಹಿಂದೆ ರೋಮಿಂಗ್ ಹೇರುತ್ತಿದ್ದ ಹೊಳೆಯಾಚೆಯ ಟವರೇ ಇಂದು ಆ ಬೇರೆ ದಾರಿ ಆದೀತು. ರೋಮಿಂಗ್ ಸುಂಕ ಈಗಿಲ್ಲ, ಆಚೆ ದಂಡೆಗೆ ಕೇಬಲ್ ಬರುವ ದಿಕ್ಕೂ ಬೇರೆ ಇರಬಹುದು.

ದೇವಸೂಗೂರು ಕಡೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಮಾಳಿಗೆಯ ಮೇಲಿನ ಆಂಟೆನಾ ಹೊಳೆಯ ಕಡೆ ಮುಖ ಮಾಡಿದೆ. ಅಂಗಡಿಯಾತ ಪ್ರತಿ ತಿಂಗಳ ಒಂದನೇ ತಾರೀಖು ಬಾಗಿಲು ತೆರೆದ ಕೂಡಲೇ ಹೊರಗಿನಿಂದ ಫೈಬರ್ ಪೆಟ್ಟಿಗೆಗೆ ಬರುವ ಎಳೆಯನ್ನು ಕೈಯಾರೆ ಕಿತ್ತು, ಗಡಿಯಾರ ನೋಡುತ್ತ ನಿಲ್ಲುತ್ತಾನೆ. ಅರ್ಧ ನಿಮಿಷಕ್ಕೆ ಎರಡನೆಯ ದೀಪ ಹಸಿರಾಗುತ್ತದೆ. ಆಮೇಲೆಯೇ ಆತ ಹೊರಗೆ ಕೂತವರನ್ನು ಒಳಗೆ ಕರೆಯುವುದು.