ವೆಂಕಟಲಕ್ಷಮ್ಮನವರು ಇಂದು ಅರ್ಜಿ ಹಾಕಿದರೆ

1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ನೃತ್ಯ ವಿಭಾಗವನ್ನು ತೆರೆದಾಗ ಅದರ ಮೊದಲ ರೀಡರ್ ಆದವರು ಕೆ. ವೆಂಕಟಲಕ್ಷಮ್ಮನವರು. ಕಡೂರಿನ ಕಡೆಯ ತಾಂಡಾದಿಂದ ಬಂದ ಲಂಬಾಣಿ ಹುಡುಗಿ. ಎಂಟನೆಯ ವಯಸ್ಸಿಗೆ ಜಟ್ಟಿ ತಾಯಮ್ಮನವರ ಶಿಷ್ಯೆಯಾಗಿ, ಮುಂದೆ ಮೈಸೂರು ಆಸ್ಥಾನದ ನರ್ತಕಿಯಾದವರು. ವಿದ್ವಾಂಸರ ಬಳಿ ಕೂತು ಸಂಸ್ಕೃತವನ್ನೂ ಕಲಿತಿದ್ದರು. ಅವರಲ್ಲಿ ಇಲ್ಲದಿದ್ದದ್ದು ಒಂದೇ, ಪದವಿಯ ಕಾಗದ. ಒಂಬತ್ತು ವರ್ಷ ಪಾಠ ಹೇಳಿ 1974ರಲ್ಲಿ ನಿವೃತ್ತರಾದರು. 1977ರಲ್ಲಿ ಅದೇ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮೊದಲು ಕೆಲಸ, ಆಮೇಲೆ ಡಾಕ್ಟರೇಟ್. ಆ ಕ್ರಮದಲ್ಲಿ ಒಂದು ವಿವೇಕವಿತ್ತು.

ಇಂದು ಅವರು ಅರ್ಜಿ ಹಾಕಿದರೆ ಗುಮಾಸ್ತರ ಮೇಜಿನಿಂದಲೇ ಅದು ವಾಪಸು ಬರುತ್ತದೆ. ಎಂ.ಎ. ಇಲ್ಲ, ನೆಟ್ ಇಲ್ಲ, ಪಿಎಚ್.ಡಿ. ಇಲ್ಲ. ಯುಜಿಸಿಯ 2018ರ ನಿಯಮಾವಳಿ ಕಲಾವಿದರಿಗೆಂದು ಬೇರೊಂದು ದಾರಿ ಇಟ್ಟಿದೆ ನಿಜ, ಆದರೆ ಆ ದಾರಿಯ ಬಾಗಿಲಲ್ಲೂ ಪದವಿ ಕೇಳುತ್ತಾರೆ. 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ಹೊಸ ಹೆಸರು ಬಂತು. ಅದಕ್ಕೆ ಪದವಿ ಬೇಡ. ಆದರೆ ಅದು ಮಂಜೂರಾದ ಹುದ್ದೆಯಲ್ಲ, ನಾಲ್ಕು ವರ್ಷ ಮೀರುವಂತೆಯೂ ಇಲ್ಲ. ಅಂದರೆ ಅತಿಥಿಯಾಗಿ ಬನ್ನಿ, ಮನೆಯವರಾಗಬೇಡಿ ಎಂದಹಾಗಾಯಿತು. ಬಹುಪಾಲು ಗುರುಗಳಿಗೆ ಆ ಭಾಗ್ಯವೂ ಇಲ್ಲ. ಎರಡು ದಿನದ ಕಾರ್ಯಾಗಾರಕ್ಕೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆಸಿ ಬಸ್ಸು ಹತ್ತಿಸುತ್ತೇವೆ. ಗಂಗೂಬಾಯಿ ಹಾನಗಲ್ಲರ ಹೆಸರಿನಲ್ಲಿ ಮೈಸೂರಿನಲ್ಲೊಂದು ವಿಶ್ವವಿದ್ಯಾಲಯವನ್ನೇ ಕಟ್ಟಿದ್ದೇವೆ. ಅವರು ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತು ಕಲಿತವರು. ಹೆಸರು ಬೇಕು, ಆ ಹೆಸರು ಬಂದ ದಾರಿ ಬೇಡ!

ಇದರ ಫಲವನ್ನು ಉಣ್ಣುವವರು ವಿದ್ಯಾರ್ಥಿಗಳು. ಒಮ್ಮೆ ಒಂದು ಕಾಲೇಜಿಗೆ ಸ್ನಾತಕೋತ್ತರ ಪರೀಕ್ಷಕಿಯಾಗಿ ಹೋಗಿದ್ದೆ. ನಟ್ಟುವಾಂಗಕ್ಕೆ ಯಾರೂ ಇಲ್ಲ, ಹಾಡುವವರೂ ಇಲ್ಲ. ಮೇಜಿನ ಮೇಲೊಂದು ಸ್ಪೀಕರು. ಹುಡುಗಿ ಪದವೊಂದಕ್ಕೆ ಅಭಿನಯ ಹಿಡಿದಳು. ಚೆನ್ನಾಗಿ ಮಾಡುತ್ತಿದ್ದಳು. "ಆ ಸಾಲನ್ನೇ ಇನ್ನೂ ಸ್ವಲ್ಪ ಬೆಳೆಸಮ್ಮ" ಎಂದೆ. "ಹಾಡು ಮುಂದೆ ಹೋಗ್ಬಿಡುತ್ತೆ ಮೇಡಂ" ಎಂದಳು. ಅವಳದೇನೂ ತಪ್ಪಿಲ್ಲ. ಗಾಯಕಿ ಎದುರಿಗಿದ್ದರೆ ಒಂದೇ ಸಾಲನ್ನು ಹತ್ತು ಬಾರಿ ತಿರುಗಿಸಿ ಹಾಡುತ್ತಾಳೆ, ನರ್ತಕಿ ಹತ್ತು ಸಂಚಾರಿಗಳನ್ನು ಹುಡುಕಿಕೊಳ್ಳುತ್ತಾಳೆ. ಮೈಸೂರು ಶೈಲಿ ಹೆಸರು ಮಾಡಿದ್ದೇ ಈ ಅಭಿನಯದಿಂದ. ಸ್ಪೀಕರಿಗೆ ನರ್ತಕಿಯ ಮುಖ ಕಾಣುವುದಿಲ್ಲ. ಎರಡು ವರ್ಷ ಹೀಗೆ ಕಲಿತವಳಿಗೆ ಮನೋಧರ್ಮ ಎಂದರೆ ಐದು ಅಂಕದ ಟಿಪ್ಪಣಿ, ಅಷ್ಟೇ. ಅಭಿನಯದರ್ಪಣದ 28 ಅಸಂಯುತ ಹಸ್ತಗಳನ್ನು ಅವಳು ತಡವರಿಸದೆ ಒಪ್ಪಿಸಿದಳು. ಅದಕ್ಕೆ ಪೂರ್ತಿ ಅಂಕ ಕೊಡಲೇಬೇಕಾಯಿತು. ಇನ್ನು ಆ ಕೋಣೆಯ ನೆಲವೋ, ಹೊಳೆಯುವ ಗ್ರಾನೈಟು. ಅದರ ಮೇಲೆ ದಿನವೂ ತಟ್ಟಡವು ಮಾಡುವ ಮಂಡಿಯ ಗತಿಯನ್ನು ಟೆಂಡರ್ ಬರೆದವರು ಯೋಚಿಸಿರಲಾರರು.

ಇಷ್ಟು ಹೇಳಿದ ಕೂಡಲೆ ಕೆಲವರು ಖುಷಿಯಿಂದ ತಲೆಯಾಡಿಸುತ್ತಾರೆ: "ನೋಡಿ, ಅದಕ್ಕೇ ನಾವು ಹೇಳಿದ್ದು, ಕಲೆಗೆ ವಿಶ್ವವಿದ್ಯಾಲಯ ಯಾಕೆ? ಗುರುಮನೆ ಸಾಕು." ನನ್ನ ದೊಡ್ಡ ಜಗಳ ಇರುವುದು ಇವರ ಜೊತೆಗೇ. ಗುರುಮನೆಯ ಖರ್ಚನ್ನು ಇವರು ಎಂದಾದರೂ ಕೂಡಿಸಿ ನೋಡಿದ್ದಾರೆಯೆ? ಇಂದು ನಗರದಲ್ಲಿ ರಂಗಪ್ರವೇಶವೆಂದರೆ ಸಣ್ಣ ಮದುವೆ. ಸಭಾಂಗಣ, ಪಕ್ಕವಾದ್ಯ, ಒಡವೆ, ಸೀರೆ, ಊಟ, ಆಹ್ವಾನ ಪತ್ರಿಕೆ. ಆಟೋ ಓಡಿಸುವವರ ಮಗಳು ಆ ಮದುವೆಗೆ ಹೆಣ್ಣಾಗಲಾರಳು. ಅವಳು ಅರ್ಜಿ ತುಂಬಿ, ಹಾಸ್ಟೆಲಿನಲ್ಲಿದ್ದು, ವಿದ್ಯಾರ್ಥಿವೇತನ ಪಡೆದು ಕುಣಿಯಬಹುದಾದ ಜಾಗ ನಮ್ಮಲ್ಲಿ ವಿಶ್ವವಿದ್ಯಾಲಯವೊಂದೇ. ಜೊತೆಗೆ ಗುರುಮನೆಯಲ್ಲಿ 'ಯಾಕೆ' ಎಂದು ಕೇಳುವ ರೂಢಿಯಿಲ್ಲ. ಯಾರ ಮನೆಯ ಹೆಂಗಸರು ಈ ವಿದ್ಯೆಯನ್ನು ಉಳಿಸಿದರು, ಅವರನ್ನೇ ಊರು ಯಾಕೆ ಹಳಿಯಿತು, ಹಳಿದವರ ಮನೆಯ ಮಕ್ಕಳೇ ಆಮೇಲೆ ಗೆಜ್ಜೆ ಕಟ್ಟಿದ್ದು ಹೇಗೆ ಎಂಬ ಪ್ರಶ್ನೆಗಳಿಗೆ ತರಗತಿಯೇ ಬೇಕು, ಗ್ರಂಥಾಲಯವೇ ಬೇಕು. ಆದ್ದರಿಂದ ನನ್ನ ತಕರಾರು ಓದಿನ ಮೇಲಲ್ಲ. ಓದು ಬಂದು ಕುಣಿತವನ್ನು ಕೋಣೆಯಿಂದ ಆಚೆ ಕಳಿಸಿದ್ದರ ಮೇಲೆ.

ಕೇಳುತ್ತಿರುವುದು ಮಹಾ ಏನಲ್ಲ. ನೃತ್ಯ ವಿಭಾಗವೆಂದರೆ ಒಬ್ಬ ಗಾಯಕರು, ಒಬ್ಬ ಮೃದಂಗದವರು ಕಾಯಂ ಹುದ್ದೆಯಲ್ಲಿರಲಿ. ರಸಾಯನಶಾಸ್ತ್ರಕ್ಕೆ ಪ್ರಯೋಗಶಾಲೆ ಇಲ್ಲದೆ ಅನುಮತಿ ಕೊಡುತ್ತೀರಾ? ಸಂಶೋಧನೆಯಲ್ಲಿ ಮುನ್ನೂರು ಪುಟದ ಜೊತೆಗೆ ಎರಡು ಗಂಟೆಯ ಪ್ರದರ್ಶನವೂ ತೂಕಕ್ಕೆ ಬರಲಿ. ಮೂವತ್ತು ವರ್ಷ ಕಲಿಸಿದ ಗುರುವನ್ನು, ಬೇಕಾದರೆ ಕಠಿಣವಾಗಿಯೇ ಪರೀಕ್ಷಿಸಿ. ಆದರೆ ಕಾಗದ ನೋಡಿ ಅಲ್ಲ, ಪಾಠ ನೋಡಿ. ಆಮೇಲೆ ಪೂರ್ತಿ ಸಂಬಳದ ಕುರ್ಚಿ ಕೊಡಿ.

ನಿಯಮ ಇದಕ್ಕೆ ಒಪ್ಪುವುದಿಲ್ಲ ಎನ್ನುತ್ತಾರೆ. 1965ರಲ್ಲಿ ಒಪ್ಪಿತ್ತಲ್ಲ. ನಿಯಮ ಬರೆಯುವವರು ಮನುಷ್ಯರೇ. ಅರೆಮಂಡಿಯಲ್ಲಿ ಒಂದು ಗಂಟೆ ನಿಲ್ಲುವುದಕ್ಕಿಂತ ಒಂದು ನಿಯಮ ತಿದ್ದುವುದು ಖಂಡಿತ ಸುಲಭ.