ಕೆಂಪು ಶಾಯಿಯ ಲೆಕ್ಕ

ಮೊನ್ನೆ ನನ್ನ ಮೊಮ್ಮಗ ಇಂಗ್ಲಿಷ್ ಪೇಪರ್ ಹಿಡಿದುಕೊಂಡು ಬಂದ. "ತಾತಾ, ಈ ಕಂಪನಿ 'ಇನ್ ದಿ ರೆಡ್' ಅಂತೆ. ಕೆಂಪು ಬಣ್ಣ ಹೊಡೆಸಿದ್ದಾರಾ?" ಎಂದ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ನಗು ಬಂತು.

ಮಕ್ಕಳೇ, 'ಇನ್ ದಿ ರೆಡ್' ಎಂದರೆ ಸಾಲದಲ್ಲೋ ನಷ್ಟದಲ್ಲೋ ಇರುವುದು. ಕಂಪ್ಯೂಟರ್ ಬರುವ ಮೊದಲು ನಾವು ದಪ್ಪ ಲೆಡ್ಜರ್‌ಗಳಲ್ಲಿ ಕೈಯಿಂದಲೇ ಲೆಕ್ಕ ಬರೆಯುತ್ತಿದ್ದೆವು. ಖಾತೆಯಲ್ಲಿ ಹಣವಿದ್ದರೆ ಕಪ್ಪು ಅಥವಾ ನೀಲಿ ಶಾಯಿ. ಇದ್ದುದಕ್ಕಿಂತ ಹೆಚ್ಚು ತೆಗೆದಿದ್ದರೆ ಕೆಂಪು ಶಾಯಿ. ಪುಟ ತಿರುವಿದೊಡನೆ ಕಣ್ಣಿಗೆ ಬೀಳಲಿ ಎಂದು. ಇಂಥ ರೂಢಿಯಿಂದಲೇ ಈ ಮಾತು ಬಂತು. ಲಾಭದಲ್ಲಿದ್ದರೆ 'ಇನ್ ದಿ ಬ್ಲ್ಯಾಕ್'. ಬಳಸುವಾಗ ನಡುವಿನ 'ದಿ' ಮರೆಯಬೇಡಿ. 'ದಿ ಗರ್ಲ್ ಇನ್ ರೆಡ್' ಎಂದರೆ ಸಾಲಗಾರ ಹುಡುಗಿಯಲ್ಲ, ಕೆಂಪು ಬಟ್ಟೆ ತೊಟ್ಟ ಹುಡುಗಿ!

ಈ ಕೆಂಪು ಶಾಯಿ ನನಗೊಂದು ಪಾಠ ಕಲಿಸಿತು. 1977ರ ಮಾತು. ಒಬ್ಬ ಮೇಷ್ಟ್ರು ಮಗಳ ಕಾಲೇಜು ಫೀಸಿಗೆಂದು ಕೊಟ್ಟ 275 ರೂಪಾಯಿಯ ಚೆಕ್ಕು ನನ್ನ ಮೇಜಿಗೆ ಬಂತು. ಲೆಡ್ಜರ್ ನೋಡಿದರೆ ಇದ್ದದ್ದು 150 ರೂಪಾಯಿ ಮಾತ್ರ. ಪಾಸು ಮಾಡಿದರೆ ಖಾತೆ ಕೆಂಪಾಗುತ್ತದೆ. 'ಹಣ ಸಾಲದು' ಎಂಬ ಚೀಟಿಯೊಂದಿಗೆ ಚೆಕ್ಕು ವಾಪಸು ಹೋಯಿತು.

ಎರಡು ದಿನದ ಮೇಲೆ ಮೇಷ್ಟ್ರು ಪಾಸ್ ಬುಕ್ ಹಿಡಿದು ಬಂದರು. ಕೂಗಾಡಲಿಲ್ಲ. "ಸ್ವಾಮಿ, ಇಡೀ ಆಫೀಸಿನ ಮುಂದೆ ಮಗಳು ತಲೆ ತಗ್ಗಿಸಿ ನಿಂತಳು" ಎಂದರಷ್ಟೆ. ಹುಡುಕಿದೆ. ಅವರದೇ ಹೆಸರಿನ ಇನ್ನೊಬ್ಬರ 300 ರೂಪಾಯಿ ಚೆಕ್ಕನ್ನು ನಾನೇ ಹಿಂದಿನ ವಾರ ಇವರ ಪುಟದಲ್ಲಿ ಖರ್ಚು ಬರೆದಿದ್ದೆ! ಅಂದು ಸಂಜೆ ಒಟ್ಟು ಲೆಕ್ಕ ಪೈಸೆಪೈಸೆಗೂ ತಾಳೆಯಾಗಿತ್ತು. ದುಡ್ಡು ಯಾರ ಪುಟದಿಂದ ಹೋಯಿತೆಂದು ಒಟ್ಟು ಮೊತ್ತಕ್ಕೇನು ಗೊತ್ತು?

ಮಾರನೆಯ ದಿನ ಮ್ಯಾನೇಜರ್ ಜೊತೆ ಕಾಲೇಜಿಗೆ ಹೋಗಿ, ತಪ್ಪು ನನ್ನದೆಂದು ಎಲ್ಲರೆದುರೇ ಹೇಳಿದೆ. ಆ ಹುಡುಗಿ ತಲೆಯೆತ್ತಿ ನೋಡಿದಳು. ಅಂದಿನಿಂದ ಕೆಂಪು ಪೆನ್ನು ಮುಟ್ಟುವ ಮೊದಲು ಹೆಸರನ್ನು ಎರಡು ಸಲ ಓದುತ್ತಿದ್ದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಆದರೆ ಇನ್ನೊಬ್ಬರನ್ನು 'ಇನ್ ದಿ ರೆಡ್' ಎನ್ನುವ ಮೊದಲು ನಮ್ಮ ಲೆಕ್ಕ ಸರಿಯಿದೆಯೇ ನೋಡಬೇಕು.

ಮಕ್ಕಳೇ, ಈ ವಾರ ನಿಮ್ಮ ಪಾಕೆಟ್ ಮನಿಯ ಲೆಕ್ಕ ಬರೆಯಿರಿ. ಕೆಂಪು ಪೆನ್ನು ಬೇಕಾಯಿತೇ? ಅಜ್ಜ-ಅಜ್ಜಿಗೆ ತೋರಿಸಿ. ಮುಂದಿನ ವಾರ ಇನ್ನೊಂದು ನುಡಿಗಟ್ಟು.